ಕಾರು ಮಾರುವಾಗ ನುಂಗಿದ ಅಕ್ಷರ

ಒಂದು ಕಾರಿನಿಂದ ಎದ್ದು ಹೊರಗೆ ಬರಲು ನನಗೆ ಇಬ್ಬರು ಬೇಕಾಗುತ್ತಿದ್ದರು. ಎಲ್ಲ ಕಾರಿನಿಂದಲ್ಲ, ನನ್ನ ಮಂಡಿ ಅಷ್ಟೇನೂ ಕೆಟ್ಟಿಲ್ಲ. ನೆಲದಿಂದ ಒಂದು ಗೇಣು ಮೇಲಿದ್ದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಆ ಕೆಂಪು ಸ್ಪೋರ್ಟ್ಸ್ ಕಾರಿನಿಂದ ಮಾತ್ರ. ಫೇಸ್‌ಬುಕ್ಕಿನಲ್ಲಿ ನನ್ನ ಕತೆ ಓದುವ ನೀವೆಲ್ಲ ಅದರ ಫೋಟೋ ನೋಡಿದ್ದೀರಿ. ಕರಿ ಕನ್ನಡಕ ಹಾಕಿ, ಸ್ಟೇರಿಂಗ್ ಮೇಲೆ ಕೈಯಿಟ್ಟು, ಆದೋನಿಯ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದೆನಲ್ಲ, ಅದೇ. ‘ಅಣ್ಣಾ, ಹೀರೋ ಇದ್ದಂಗ ಕಾಣ್ತೀರಿ’ ಎಂದು ಬರೆದಿದ್ದಿರಿ. ಫೋಟೋ ತೆಗೆದ ಮೇಲೆ ಆ ಹೀರೋನನ್ನು ಕಂಕುಳಿಗೆ ಕೈಹಾಕಿ ಹೊರಗೆಳೆದವರು ನಮ್ಮ ಹತ್ತಿ ಮಿಲ್ಲಿನ ಇಬ್ಬರು ಹಮಾಲರು. ಹತ್ತಿಯ ಬೇಲು ಎತ್ತುವ ಕೊಕ್ಕೆ ಬಳಸಲಿಲ್ಲ, ಅದೇ ನನ್ನ ಪುಣ್ಯ.

ಕಾರು ಅಸಲಿ ಅಲ್ಲ. ವಿಲಾಯತಿಯ ಹಳೆಯ ಕಾರೊಂದರ ಪಟಗಳನ್ನು ನೋಡಿಕೊಂಡು ಆದೋನಿಯಲ್ಲಿ ಮಾಡಿದ ನಕಲು. ಎಂಜಿನ್ನು ಹಳೆಯ ಜೀಪಿನದು, ಕನ್ನಡಿ ಸ್ಕೂಟರಿನದು, ಮೈಯೆಲ್ಲ ಕೈಯಿಂದ ಬಡಿದ ತಗಡು. ರಸ್ತೆಗೆ ಇಳಿಸಲು ಕಾಗದಪತ್ರವಿಲ್ಲ. ಹಾಗಾಗಿ ಅದು ಓಡಿದ್ದೆಲ್ಲ ಮಿಲ್ಲಿನ ಅಂಗಳದಲ್ಲೇ, ಹತ್ತಿಯ ರಾಶಿ ಸುತ್ತಿಕೊಂಡು, ಗಾಣದ ಎತ್ತಿನ ಹಾಗೆ.

ಎರಡು ವರ್ಷ ಕಳೆದ ಮೇಲೆ ನನ್ನ ಹೆಂಡತಿ ತೀರ್ಪು ಕೊಟ್ಟಳು. “ರೀ, ಹತ್ತಿ ಬರೂ ಹೊತ್ತಾತು, ಶೆಡ್ ಖಾಲಿ ಮಾಡ್ರಿ. ಕುಂತ್ರ ಏಳಾಕ ಬರಂಗಿಲ್ಲ, ಎದ್ರ ಕೂಡಾಕ ಬರಂಗಿಲ್ಲ. ಏನ್ ಕಾರ್ರಿ ಅದು, ಕೂಸಿನ ತೊಟ್ಟಿಲದಾಗ ಅಜ್ಜ ಮಲಗಿದಂಗ ಕಾಣ್ತೀರಿ.”

ಇಂಥ ವಿಚಿತ್ರ ಗಾಡಿಗಳನ್ನು ಫೋನಿನಲ್ಲೇ ಹರಾಜು ಹಾಕುವ ಒಂದು ತಾಣ ಇದೆ ಎಂದು ಯಾರೋ ಹೇಳಿದರು. ಏಳು ದಿನದ ಹರಾಜು. ಫೋಟೋ ಹಾಕಬೇಕು, ವಿವರ ಬರೆಯಬೇಕು, ಕೊಳ್ಳುವವರು ಎಲ್ಲರ ಎದುರಿಗೇ ಪ್ರಶ್ನೆ ಕೇಳುತ್ತಾರೆ, ಮಾರುವವನು ಎಲ್ಲರ ಎದುರಿಗೇ ಉತ್ತರ ಕೊಡಬೇಕು. ನಮ್ಮ ಅಜ್ಜನ ಕಾಲದ ವ್ಯಾಪಾರ ನೋಡಿ: ಟವಲಿನ ಕೆಳಗೆ ಕೈ ತೂರಿಸಿ ಬೆರಳು ಒತ್ತಿ ರೇಟು ಹೇಳುತ್ತಿದ್ದರು. ಬಾಯಿ ಹವಾಮಾನದ ಬಗ್ಗೆ ಮಾತಾಡುತ್ತಿತ್ತು, ಬೆರಳು ವ್ಯಾಪಾರ ಮಾಡುತ್ತಿತ್ತು. ಬಾಯಿ ಸುಳ್ಳು ಹೇಳಬಹುದು, ಬೆರಳು ಹೇಳಬಾರದು. ಅದು ಆ ಪೇಟೆಯ ಧರ್ಮ.

ನಾನು ‘ವೇಲಂ’ ಹಾಕುತ್ತಿದ್ದೇನೆ ಎಂಬ ಸುದ್ದಿ ಊರು ದಾಟಿತು. ಆಂಧ್ರಕ್ಕೆ ಸೇರಿದ ನಮ್ಮ ಕಡೆ ಹರಾಜಿಗೆ ತೆಲುಗಿನ ಈ ಮಾತೇ ಓಡುತ್ತದೆ, ಮತ್ತು ವೇಲಂ ಎಂದರೆ ಬ್ಯಾಂಕಿನವರು ಬಂದು ಮನೆಯ ಬಾಗಿಲಿಗೆ ಕಾಗದ ಅಂಟಿಸುವುದು ಎಂದೇ ಲೆಕ್ಕ. ಎಮ್ಮಿಗನೂರಿನ ನಮ್ಮ ಸೋದರತ್ತೆ ಫೋನಿನಲ್ಲಿ ಅತ್ತೇಬಿಟ್ಟಳು. “ಏಮಪ್ಪಾ ಚೆನ್ನಬಸಪ್ಪ, ವೇಲಂ ತನಕ ಬಂತೇನೋ? ಒಂದು ಮಾತು ನನಗ ಹೇಳಬಾರದೇನೋ?” ಇದು ಖುಷಿಯ ವೇಲಂ ಅತ್ತೆ, ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಆದರೆ ನಾನು ನಾಚಿದ್ದು ಇದಕ್ಕಲ್ಲ. ಅದು ಮುಂದೆ ಇದೆ.

ಆ ತಾಣದ ಫಾರಮ್ಮಿನಲ್ಲಿ ಒಂದು ಚೌಕ ಇತ್ತು: ‘ಬಿಲ್ಡರ್’. ಅಂದರೆ ಕಟ್ಟಿದವರು ಯಾರು? ನಾನು ನನ್ನ ಹೆಸರು ಬರೆದೆ.

ಇಲ್ಲಿ ಸ್ವಲ್ಪ ನಿಲ್ಲಿ, ನನ್ನ ವಕಾಲತ್ತು ಕೇಳಿ. ನಮ್ಮ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, ಮನೆ ಕಟ್ಟಿದವರು ಯಾರೆಂದು. ಮಾಲೀಕನ ಹೆಸರನ್ನೇ ಹೇಳುತ್ತಾರೆ. “ಮನಿ ಕಟ್ಟಿದ್ರಂತಲ್ರಿ, ಭೇಷಾತು” ಎಂದರೆ “ಹೌದ್ರಿ, ಕಟ್ಟಿದ್ವಿ” ಎನ್ನುತ್ತೇವೆ. ಒಂದು ಇಟ್ಟಿಗೆ ಎತ್ತಿರುವುದಿಲ್ಲ. ಮಾಡು ಎಂಬುದಕ್ಕೂ ಮಾಡಿಸು ಎಂಬುದಕ್ಕೂ, ಕಟ್ಟು ಎಂಬುದಕ್ಕೂ ಕಟ್ಟಿಸು ಎಂಬುದಕ್ಕೂ ಕನ್ನಡ ಒಂದು ಅಚ್ಚುಕಟ್ಟಾದ ಗೋಡೆ ಹಾಕಿಕೊಟ್ಟಿದೆ. ಕಟ್ಟಿದೆ, ಕಟ್ಟಿಸಿದೆ. ನಡುವೆ ಇರುವುದು ಒಂದೇ ಒಂದು ‘ಸಿ’. ಹಳೆಯ ಶಾಸನಗಳಲ್ಲಿ ಅರಸರು ಈ ಅಕ್ಷರ ಬಿಟ್ಟವರಲ್ಲ. ದೇವಾಲಯ ಮಾಡಿಸಿದರು, ಕೆರೆ ಕಟ್ಟಿಸಿದರು, ಕಲ್ಲು ನಿಲ್ಲಿಸಿದರು. ಎಷ್ಟೋ ಕಡೆ ಕಲ್ಲು ಕೆತ್ತಿದವನೂ ತನ್ನ ಹೆಸರನ್ನು ಕೆತ್ತಿಕೊಂಡಿದ್ದಾನೆ. ಆನೆ ಕುದುರೆ ಇದ್ದವರಿಗೇ ಭಾರವಾಗದ ಆ ಅಕ್ಷರ ಹತ್ತಿ ವ್ಯಾಪಾರಿಯಾದ ನನಗೆ ಯಾಕೆ ಭಾರವಾಯಿತೋ. ಬರೆಯುವ ಕ್ಷಣಕ್ಕೆ ಅದು ರೂಢಿಯ ಮಾತು. ಬರೆದ ಮೇಲೆ ಓದಿ ನೋಡಿದಾಗ ಚಂದ ಕಂಡಿತು. ಅಲ್ಲಿಗೆ ರೂಢಿ ಮುಗಿದು ಕಳ್ಳತನ ಶುರುವಾಯಿತು. ನನ್ನ ವಕಾಲತ್ತು ಇಷ್ಟೇ, ಇಲ್ಲೇ ಬಿದ್ದುಹೋಯಿತು.

ಕಾರನ್ನು ಕಟ್ಟಿದವನು ಮೌನಾಚಾರಿ. ಮದ್ದಿಕೇರದವನು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಅವನ ಅಪ್ಪ ಬಂಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದ. ಇವನು ಎಮ್ಮಿಗನೂರು ರಸ್ತೆಯಲ್ಲಿ ಶೆಡ್ ಹಾಕಿಕೊಂಡು ಲಾರಿ, ಜೀಪುಗಳ ನೆಗ್ಗಿದ ತಗಡು ನೆಟ್ಟಗೆ ಮಾಡುತ್ತಾನೆ. ಮಾಡುತ್ತಿದ್ದ ಎನ್ನಬೇಕು. “ಈಗ ಯಾರ್ ಬಡಸ್ತಾರ್ರಿ, ಬಿಚ್ಚಿ ಒಗದು ಹೊಸಾದು ಹಾಕ್ತಾರ” ಎನ್ನುತ್ತಿದ್ದ. ಹೆಸರಿಗೆ ತಕ್ಕ ಮೌನವೇನೂ ಇಲ್ಲ, ತಗಡಿನ ಜತೆಗೂ ಮಾತಾಡುವ ಮನುಷ್ಯ. ನನ್ನ ಕಾರಿಗೆ ಅವನು ಹದಿನಾಲ್ಕು ತಿಂಗಳು ಕೊಟ್ಟ. ನಾನು ವಾರಕ್ಕೊಮ್ಮೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾ ಕುಡಿದೆ. ಒಮ್ಮೆ ಸುತ್ತಿಗೆ ಕೈಯಲ್ಲಿ ಹಿಡಿದೆ, ಫೋಟೋಕ್ಕೆ. ಅದಕ್ಕೂ ನೀವು ಲೈಕು ಕೊಟ್ಟಿದ್ದೀರಿ.

ಹರಾಜಿನ ಮೂರನೆಯ ದಿನ ಕೊಯಮತ್ತೂರಿನವರೊಬ್ಬರು ಪ್ರಶ್ನೆ ಹಾಕಿದರು. ಹಳೆಯ ಗಾಡಿಗಳ ವಿಷಯ ಅರೆದು ಕುಡಿದವರೆಂದು ಬರಹದಲ್ಲೇ ಗೊತ್ತಾಗುತ್ತಿತ್ತು. ಮುಂದಿನ ಮಡ್‌ಗಾರ್ಡಿನ ಉಬ್ಬು ಎರಡೂ ಕಡೆ ಒಂದೇ ಸಮ ಇದೆ, ಸುತ್ತಿಗೆ ಪೆಟ್ಟಿನ ಗುರುತೇ ಇಲ್ಲ, ಹೇಗೆ ಮಾಡಿದಿರಿ? ಮಾಡಿದಿರಿ ಎಂದರೆ ನೀವು, ಅಂದರೆ ನಾನು. ನನಗೆ ಗೊತ್ತಿದ್ದದ್ದು ಆ ಮಡ್‌ಗಾರ್ಡಿನ ಬಣ್ಣ ಒಂದೇ. ಆಚಾರಿಗೆ ಫೋನ್ ಹಚ್ಚಿದೆ.

“ಯಾಕ್ರಿ ಸಾವ್ಕಾರ್ರ, ಎಲ್ಲೆರ ಬಿರಕು ಬಿಟ್ಟೈತೇನ್ರಿ?” ಅವನಿಗೆ ಮೊದಲು ಹುಟ್ಟಿದ್ದು ಗಾಬರಿ.

“ಇಲ್ಲೋ ಆಚಾರಿ. ಮುಂದಿನ ಮಡ್‌ಗಾರ್ಡ್ ಹೆಂಗ ಮಾಡ್ಯಾರ ಅಂತ ಯಾರೋ ಕೇಳಾಕತ್ಯಾರ.”

“ಹೌದಾ?” ಆ ಕಡೆಯಿಂದ ಸುತ್ತಿಗೆ ಕೆಳಗಿಟ್ಟ ಸಪ್ಪಳ ಕೇಳಿತು. “ನನ್ನ ಹೆಸರು ಹೇಳೀರೇನ್ರಿ ಅವರಿಗೆ?”

“ಹ್ಞೂಂ” ಎಂದೆ.

ಒಂದು ಹ್ಞೂಂ. ಬಾಯಿ ತೆರೆಯದೆ ಹೇಳಬಹುದಾದ ಸುಳ್ಳು ಅದೊಂದೇ ಇರಬೇಕು.

ಆಚಾರಿ ಅರ್ಧ ಗಂಟೆ ಹೇಳಿದ. ಪೇಪರ್ ಕತ್ತರಿಸಿ ಅಳತೆ ಮಾಡಿಕೊಂಡದ್ದು, ತಗಡನ್ನು ಕಾಸಿ ಮೆತ್ತಗೆ ಮಾಡಿದ್ದು. “ಮಂದಿ ಉಸುಕಿನ ಚೀಲದ ಮ್ಯಾಲೆ ಬಡೀತಾರ್ರಿ. ಉಸುಕು ಬಡದಂಗ ಬಡದಂಗ ಕಲ್ಲಾಕ್ಕೈತಿ. ನಾ ಗೋಣಿಚೀಲದಾಗ ಹತ್ತಿ ಬೀಜ ತುಂಬಿದ್ನಿ, ನಿಮ್ಮ ಮಿಲ್ಲಿಂದನ ತಂದಿದ್ದು, ನೆಪ್ಪೈತಿಲ್ಲ? ಹುಣಸಿ ಕಟಿಗಿ ಕೊಡತಿ ತಗೊಂಡು ಅದರ ಮ್ಯಾಲೆ ಬಡದ್ರ ಬೀಜ ಸರದು ತಗಡಿಗೆ ಜಾಗ ಕೊಡ್ತೈತಿ. ಗುರ್ತು ಬೀಳಂಗಿಲ್ಲ.”

ಇಡೀ ಕಾರಿನಲ್ಲಿ ನನ್ನ ಪಾಲು ಏನೆಂದು ಅಂದು ಗೊತ್ತಾಯಿತು. ಒಂದು ಚೀಲ ಹತ್ತಿ ಬೀಜ.

ಅವನು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ‘ನಾನು’ ಎಂದೇ ಬರೆದೆ. ನಾನು ಕಾಸಿದೆ, ನಾನು ತುಂಬಿದೆ, ನಾನು ಬಡಿದೆ. ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿ ಬಂದವು. ಹತ್ತಿ ಬೀಜದ ಉಪಾಯಕ್ಕೆ ಊರೂರಿನವರು ತಲೆದೂಗಿದರು. ನಾನೂ ತೂಗಿದೆ. ನಿಜ ಹೇಳುತ್ತೇನೆ, ಸಂಜೆಯ ಹೊತ್ತಿಗೆ ನನ್ನ ತೋಳು ಸ್ವಲ್ಪ ನೋಯುತ್ತಿದೆ ಎನಿಸಿತು.

ಮರುದಿನ ಬೆಳಿಗ್ಗೆ ಆಚಾರಿ ಮನೆಗೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಸಾವ್ಕಾರ್ರ, ಆ ವೇಲಂ ತೋರಸ್ರಿ. ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ. ನನ್ನ ಹೆಸರು ಎಲ್ಲಿ ಬರದಾರ ಒಂದು ಬೆಳ್ಳು ಇಟ್ಟು ತೋರಸ್ರಿ ಸಾಕು.”

ನನ್ನ ಹೆಂಡತಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಫೋನು ತೆರೆದೆ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗುತ್ತಿರಲಿಲ್ಲ. ‘ಆಚಾರಿ, ತಪ್ಪಾಗೈತಿ’ ಎಂದಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ನಾನು ಬೆರಳಿಟ್ಟೆ. ನನ್ನ ಹೆಸರಿನ ಮೇಲೆ.

ಅವನು ಬಗ್ಗಿ ನೋಡಿದ. ತಗಡಿನ ಸೊಟ್ಟ ನೋಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ, ಸ್ವಲ್ಪ ಹೊತ್ತು ನೋಡಿದ. “ಭಾಳ ಉದ್ದ ಐತಲ್ರಿ ನನ್ನ ಹೆಸರು” ಎಂದ. ಚಹಾ ನಿಂತೇ ಕುಡಿದ, ಕಪ್ಪನ್ನು ಕಟ್ಟೆಯ ಮೇಲಿಟ್ಟ. “ಬರ್ತೀನ್ರಿ ಅಕ್ಕಾರ” ಎಂದು ನನ್ನ ಹೆಂಡತಿಗೆ ಹೇಳಿ ಹೋದ.

ಅವಳಿಗೆ ಇಂಗ್ಲಿಷ್ ಬರುತ್ತದೆ. ಖಾಲಿ ಕಪ್ಪು ಎತ್ತಿಕೊಂಡು ಫೋನಿನ ಕಡೆ ಒಮ್ಮೆ ನೋಡಿದಳು. “ನಿಮ್ಮ ಅಜ್ಜಗ ಟವಲರ ಇತ್ತು, ಬೆಳ್ಳು ಮುಚ್ಚಿಕೊಳ್ಳಾಕ” ಎಂದಳು. ಒಳಗೆ ಹೋದಳು. ಮಧ್ಯಾಹ್ನ ಊಟಕ್ಕೆ ಕರೆಯಲಿಲ್ಲ. ತಟ್ಟೆಯನ್ನು ಸಪ್ಪಳ ಮಾಡಿ ಇಟ್ಟಳು, ಅದೇ ಕರೆ.

ಆ ದಿನವಿಡೀ ನಾನು ನನಗೆ ಸಮಾಧಾನ ಹೇಳಿಕೊಂಡೆ. ಅವನಿಗೆ ಕೂಲಿ ಪೂರ್ತಿ ಕೊಟ್ಟಿದ್ದೇನಲ್ಲ. ಅವನಿಗೆ ಖುಷಿಯೂ ಆಯಿತಲ್ಲ. ಹೆಸರು ಕಟ್ಟಿಕೊಂಡು ಅವನೇನು ಮಾಡುತ್ತಾನೆ? ಇದಕ್ಕೆ ಉತ್ತರ ಸಂಜೆ ಕೊಯಮತ್ತೂರಿನಿಂದ ಬಂತು. ಆ ಯಜಮಾನರು ಖಾಸಗಿಯಾಗಿ ಬರೆದಿದ್ದರು: ನನ್ನ ಬಳಿ ಹಳೆಯ ಕಾರು ಮೂರಿವೆ, ಮೂರಕ್ಕೂ ಮೈ ಹೋಗಿದೆ, ಇಂಥ ಕೈಯನ್ನು ಎಷ್ಟೋ ವರ್ಷದಿಂದ ಹುಡುಕುತ್ತಿದ್ದೇನೆ, ಆದೋನಿಗೇ ಕಳಿಸುತ್ತೇನೆ, ಮಾಡಿಕೊಡುತ್ತೀರಾ?

ಮೂರು ಕಾರು. ಯಾರೂ ಬಡಿಸುವುದಿಲ್ಲ ಎನ್ನುತ್ತಿದ್ದವನಿಗೆ ಎರಡು ಮೂರು ವರ್ಷದ ಕೆಲಸ. ಅದು ಅವನನ್ನು ಹುಡುಕಿಕೊಂಡು ಇಷ್ಟು ದೂರ ಬಂದಿತ್ತು, ನನ್ನ ಬೆರಳು ಅದಕ್ಕೆ ಅಡ್ಡ ನಿಂತಿತ್ತು.

ಬರೆದದ್ದನ್ನು ತಿದ್ದಲು ನೋಡಿದೆ. ಹರಾಜು ಏರಲು ಶುರುವಾದ ಮೇಲೆ ವಿವರ ತಿದ್ದಲು ಬರುವುದಿಲ್ಲ ಸರ್, ಬೇಕಿದ್ದರೆ ಎಲ್ಲರಿಗೂ ಕಾಣುವ ಹಾಗೆ ಕೆಳಗೆ ಬರೆಯಬಹುದು, ಎಂದು ತಾಣದ ಹೆಣ್ಣುಮಗಳು ಹೇಳಿದಳು. ತಿದ್ದಲು ಬಂದಿದ್ದರೆ ಸದ್ದಿಲ್ಲದೆ ತಿದ್ದಿ ಸತ್ಯವಂತನಾಗಿಬಿಡುತ್ತಿದ್ದೆ. ಅದಕ್ಕೂ ಅವಕಾಶವಿಲ್ಲ. ಬರೆದೆ: ‘ಈ ಕಾರು ಕಟ್ಟಿದ್ದು ನಾನಲ್ಲ. ನಾನು ಕಟ್ಟಿಸಿದವನು. ಕಟ್ಟಿದವರು ಮೌನಾಚಾರಿ. ಮಡ್‌ಗಾರ್ಡಿನ ಉತ್ತರವೂ ಅವರದೇ, ನಾನು ಬರೆದುಕೊಂಡೆ. ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ.’ ಕಟ್ಟು, ಕಟ್ಟಿಸು ಎಂಬ ವ್ಯತ್ಯಾಸಕ್ಕೆ ಇಂಗ್ಲಿಷಿನಲ್ಲಿ ಒಂದು ಸಾಲು ಖರ್ಚಾಯಿತು.

ಆಮೇಲೆ ಬಂದದ್ದನ್ನು ಎಲ್ಲ ಹೇಳಲಾರೆ. ಒಬ್ಬರು, ಎಂಜಿನ್ನಾದರೂ ನಿಮ್ಮದೋ ಅದೂ ಆಚಾರಿಯದೋ ಎಂದು ಕೇಳಿದರು. ಇನ್ನೊಬ್ಬರು, ಫೋಟೋದಲ್ಲಿ ಇರುವವರು ಯಾರು ಎಂದರು. ಹರಾಜು ಎರಡು ದಿನ ಕೂತಲ್ಲೇ ಕೂತಿತ್ತು. ಕೊನೆಗೆ ಕೊಯಮತ್ತೂರಿನವರೇ ಕೊಂಡರು. ನನಗೆ ಒಂದೇ ಸಾಲು ಬರೆದರು: ಅವರ ನಂಬರ್ ಕಳಿಸಿ.

ನಂಬರ್ ಕಳಿಸುವ ಮೊದಲು ಆಚಾರಿಯ ಶೆಡ್ಡಿಗೆ ಹೋದೆ. ಎಷ್ಟೋ ವರ್ಷ ‘ನೀ’ ಎಂದು ಕರೆದವನಿಗೆ ಅಂದು ಬಾಯಿ ತಾನಾಗಿ ‘ನೀವು’ ಎಂದಿತು. ನಾಚಿಕೆಗೆ ವ್ಯಾಕರಣ ಚೆನ್ನಾಗಿ ಬರುತ್ತದೆ. ಎಲ್ಲ ಹೇಳಿದೆ: ಚೌಕ, ಹ್ಞೂಂ, ಬೆರಳು. ಅವನು ತಗಡು ಉಜ್ಜುತ್ತಲೇ ಕೇಳಿಸಿಕೊಂಡ.

“ಗೊತ್ತೈತ್ರಿ ಸಾವ್ಕಾರ್ರ.”

“ಏನ್ ಗೊತ್ತೈತಿ?”

“ಇಂಗ್ಲಿಷ್ ಓದಾಕ ಬರಂಗಿಲ್ಲ ಖರೆ. ನನ್ನ ಹೆಸರೊಂದು ಬರ್ತೈತ್ರಿ. ಬ್ಯಾಂಕಿನ್ಯಾಗ ಸೈನ್ ಅದರಾಗನ ಮಾಡ್ತೀನಿ, ಮಗಳು ಕಲಿಸ್ಯಾಳ. ಎಮ್ ಅನ್ನೂ ಅಕ್ಷರಲೆ ಶುರು ಆಕ್ಕೈತಿ. ನೀವು ಬೆಳ್ಳು ಇಟ್ಟಲ್ಲಿ ಎಮ್ಮು ಇರಲಿಲ್ಲ.”

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಲು ಧೈರ್ಯವಾಗದೆ ಹತ್ತಿ ಬೀಜದ ಚೀಲದ ಮೇಲೆ ಕೂತೆ.

“ಮತ್ತ ಅವತ್ತ ಯಾಕ ಹೇಳಲಿಲ್ಲ ನೀವು?”

“ಅಕ್ಕಾರ ನಿಂತಿದ್ರಲ್ರಿ ಬಾಗಲದಾಗ. ಹೆಣ್ತಿ ಮುಂದ ಗಂಡಸಿನ ಮರ್ಯಾದಿ ತೆಗೀಬಾರದ್ರಿ.” ಉಜ್ಜುವುದು ನಿಲ್ಲಿಸಿ ತಗಡಿನ ಮೇಲೆ ಅಂಗೈ ಆಡಿಸಿ ನೋಡಿದ. “ನೀವ ಹೇಳ್ತೀರೇನೋ ಅಂತ ನೋಡಿದ್ನಿ.”

“ನಾ ಹೇಳದ ಹ್ವಾದ್ರ?”

“ಹೇಳದ ಹ್ವಾದ್ರ ಏನ್ರಿ? ನಾ ಇನ್ನೊಂದು ಕಾರ್ ಕಟ್ತಿದ್ನಿ.” ನಗುತ್ತ ನನ್ನ ಕಡೆ ತಿರುಗಿದ. “ನೀವೇನ್ ಮಾಡ್ತಿದ್ರಿ?”

ಗೇಲಿ ಮಾಡಲು ಕೇಳಿದ್ದಲ್ಲ ಅದು, ನಿಜವಾಗಿ ತಿಳಿಯಲು ಕೇಳಿದ. ನಾನು ಫೋನು ತೆಗೆದು ಅವನ ನಂಬರನ್ನು ಕೊಯಮತ್ತೂರಿಗೆ ಕಳಿಸಿದೆ. ಅವನು ಚಹಾ ತರಿಸಿದ, ಕುಡಿದು ಬಂದೆ.