ಮಗ್ಗಕ್ಕೆ ಆರ್ಡರ್ ಹೋಗಿದೆ

ದೊಡ್ಡಬಳ್ಳಾಪುರದ ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿನ ಟೆಕ್ನಿಷಿಯನ್ ನೇಕಾರರ ಮನೆಯವರು. ಡೆಂಗಿ ಜ್ವರದಲ್ಲಿ ನನ್ನ ಹೆಂಡತಿಯ ಪ್ಲೇಟ್‌ಲೆಟ್ ದಿನದಿನಕ್ಕೂ ಇಳಿಯುತ್ತಿದ್ದಾಗ, ನನ್ನ ಎದೆಯ ಮೂಳೆಯನ್ನು ತಟ್ಟಿ ತಟ್ಟಿ ಹೇಳುತ್ತಿದ್ದರು:

“ಮಗ್ಗಕ್ಕೆ ಆರ್ಡರ್ ಹೋಗಿದೆ ಕಣಣ್ಣ. ಅಂಗ್ಡೀಲಿ ಸೀರೆ ಕಮ್ಮಿಯಾದ್ರೆ ಸಾವ್ಕಾರ ಸುಮ್ನಿರ್ತಾನಾ? ಪ್ಲೇಟ್‌ಲೆಟ್ ಕಮ್ಮಿಯಾದ್ರೆ ಲಿವರ್ ಕಳ್ಸೋ ಹಾರ್ಮೋನು ಮೂಳೆಯೊಳಗಿನ ಮಜ್ಜೆಗೆ ಜಾಸ್ತಿ ತಲುಪುತ್ತೆ. ಹೊಸ ಪ್ಲೇಟ್‌ಲೆಟ್ ಅಲ್ಲೇ ತಯಾರಾಗೋದು.”

“ಇನ್ನೂ ಎಷ್ಟು ದಿನ?”

“ಮಗ್ಗಕ್ಕೆ ಹಾಸು ನೂಲು ಹೂಡೋಕೆ ಟೈಮ್ ಬೇಡ್ವಾ!”

ಆಸ್ಪತ್ರೆ ಸೇರಿದ ಐದನೆಯ ಬೆಳಿಗ್ಗೆ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ವರದಿಯನ್ನು ಬಾವುಟದಂತೆ ಬೀಸುತ್ತಾ ವಾರ್ಡಿಗೇ ಓಡಿಬಂದರು.

“ಏರ್ಬಿಡ್ತು ಕಣಮ್ಮಾ, ದುಪ್ಪಟ್ಟು!”

ಅವರೂ ನಾನೂ ತಬ್ಬಿಕೊಂಡು ಮಂಚದ ಸುತ್ತ ಕುಣಿದೆವು. ನರ್ಸಮ್ಮ ಗದರಿದರೂ ನಿಲ್ಲಿಸಲಿಲ್ಲ. ನಾಲ್ಕು ದಿನದಿಂದ ತುಟಿ ಬಿಚ್ಚದಿದ್ದ ಹೆಂಡತಿ, ನಾನು ತಂದಿಟ್ಟಿದ್ದ ಪಪ್ಪಾಯಿ ಎಲೆ ರಸದ ಲೋಟವನ್ನು ನನ್ನತ್ತ ನೂಕಿದಳು.

“ಈ ಕಹೀನ ಇವತ್ತು ನೀವಿಬ್ರೇ ಕುಡೀರಿ.”

ಇಬ್ಬರೂ ಕುಡಿದೆವು, ನಗುನಗುತ್ತಲೇ.