ಹತ್ತನೇ ಲೆವೆಲ್‌ಗೆ ಇಳಿದ ಗಾಪ್‌ಸುನ್

ಪ್ಯೊ ಗಾಪ್‌ಸುನ್‌ಗೆ ಎಡಗಿವಿ ಕೇಳಿಸುವುದಿಲ್ಲ. ಸ್ವೆಟರ್ ಕಾರ್ಖಾನೆಯ ಗೇಟಿನ ಮುಂದೆ ಇನ್ನೂರು ಹೆಣ್ಣುಮಕ್ಕಳ ಜೊತೆ ಧರಣಿ ಕೂತಾಗ ಕಂಪನಿ ಸಾಕಿದ ಗೂಂಡಾಗಳು ಕಬ್ಬಿಣದ ಪೈಪಿನಲ್ಲಿ ಬಡಿದು ಕಳೆದ ಕಿವಿ ಅದು. ಆಗ ಅವಳಿಗೆ ಇಪ್ಪತ್ತೊಂಬತ್ತು, ಈಗ ನಲವತ್ತೇಳು. ಬುಪ್ಯೊಂಗ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಒಣಮೀನಿನ ಅಂಗಡಿಯ ಮೇಲ್ಮಹಡಿಯಲ್ಲಿ, ಮೂವತ್ತು ಕಂಪ್ಯೂಟರುಗಳ ಗೇಮ್ ಅಂಗಡಿ ನಡೆಸುತ್ತಾಳೆ. ಕೂದಲು ಗಿಡ್ಡ, ಬಾಯಿ ಹೊಲಸು, ಕೈ ಭಾರ.

ಅಂಗಡಿಗೆ ಬರುವವರಲ್ಲಿ ಅರ್ಧ ಜನ ಎರಡು ವರ್ಷದ ಹಿಂದೆ ಕಾರು ಕಾರ್ಖಾನೆ ಹೊರಗೆ ನೂಕಿದ ಗಂಡಸರು. ಬೆಳಿಗ್ಗೆ ಹೆಂಡತಿ ಕಣ್ಣಿಗೆ ಬೀಳದ ಹಾಗೆ ಮನೆ ಬಿಟ್ಟು, ಇಲ್ಲಿ ಬಂದು ಕೂತು, ಬಿಸಿನೀರು ಹುಯ್ದ ರಾಮ್ಯೊನ್ ಶ್ಯಾವಿಗೆ ಹೀರುತ್ತಾ 'ಉಪ್ಪುಕೋಟೆ' ಎಂಬ ಕಾಳಗದ ಆಟ ಆಡುತ್ತಿದ್ದರು. ಗಾಪ್‌ಸುನ್ ಮೊದಮೊದಲು ಬೈಯುತ್ತಿದ್ದಳು. ಆಮೇಲೆ ತಾನೂ ಕೂತಳು. ಹದಿನಾಲ್ಕು ತಿಂಗಳಲ್ಲಿ ಆಟದೊಳಗಿನ ಅವಳ ಪಾತ್ರವಾದ ಕೊಡಲಿ ಹೆಂಗಸು ಅರವತ್ತೊಂದನೇ ಲೆವೆಲ್ ಮುಟ್ಟಿದಳು. ಇಡೀ ಬೀದಿಯಲ್ಲಿ ಅಷ್ಟು ಎತ್ತರ ಹತ್ತಿದವರು ಯಾರೂ ಇರಲಿಲ್ಲ. ಜೀವಮಾನದಲ್ಲಿ ಯಾವ ಮೇಲಧಿಕಾರಿಯೂ ಕೊಡದ ಬಡ್ತಿ ಅದು. ಆಕೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಪರದೆ ಒರೆಸುವ ಬಟ್ಟೆ ಅವಳ ಕಂಪ್ಯೂಟರಿಗೇ ಬೇರೆ ಇತ್ತು.

ಆ ಲೋಕದ ಕಾನೂನು ಸರಳ. ಒಂದರಿಂದ ಎಪ್ಪತ್ತರವರೆಗೆ ಲೆವೆಲ್. ನಿನಗಿಂತ ಮೂವತ್ತು ಮೇಲಿದ್ದವನಿಗೆ ನಿನ್ನ ಏಟು ತಾಗುವುದೇ ಇಲ್ಲ. ಗಾಳಿಗೆ ಗುದ್ದಿದ ಹಾಗೆ. ಅವನು ಒಂದು ಸಲ ಬೀಸಿದರೆ ನೀನು ಸತ್ತೆ. ಸತ್ತರೆ ಒಂದು ಲೆವೆಲ್ಲಿನ ಹತ್ತನೇ ಒಂದು ಪಾಲು ಕರಗುತ್ತದೆ, ಎಚ್ಚರವಾಗುವುದು ದೂರದ ರಾಜಧಾನಿಯ ಗುಡಿಯಲ್ಲಿ. ಅಲ್ಲಿಂದ ಕಾಳಗದ ಜಾಗಕ್ಕೆ ಅರ್ಧ ಗಂಟೆ ನಡಿಗೆ. ಹತ್ತನೇ ಲೆವೆಲ್ ಮತ್ತು ಅದರ ಕೆಳಗಿನವರಿಗೆ ಮಾತ್ರ ಬೇರೆ ಲೆಕ್ಕ: ಸತ್ತರೂ ಏನೂ ಕಳೆಯುವುದಿಲ್ಲ, ಪಕ್ಕದ ಬಾವಿಕಟ್ಟೆಯಲ್ಲೇ ಕಣ್ಣು ಬಿಡುತ್ತಾರೆ. ಕೂಸುಗಳ ಮೇಲೆ ಆಟ ಮಾಡಿದವರು ತೋರಿಸಿದ ಕರುಣೆ ಅಷ್ಟೇ.

ಆ ವಸಂತದಲ್ಲಿ ತಾಕ್ ಉಂಗ್‌ಚೊಲ್ ಎಂಬುವನು ಉಪ್ಪು ಕಣಿವೆಯ ಕೋಟೆ ಹಿಡಿದ. ಪಕ್ಕದ ವಾರ್ಡಿನಲ್ಲಿ ಇನ್ನೊಂದು ಗೇಮ್ ಅಂಗಡಿ ಇಟ್ಟವನು, ಮನೆ ಖಾಲಿ ಮಾಡಿಸುವ ಗುತ್ತಿಗೆಯವರಿಗೆ ಆಳು ಒದಗಿಸುವವನು. ಆಟದೊಳಗೆ ಎಪ್ಪತ್ತನೇ ಲೆವೆಲ್, ಕೈಯಲ್ಲಿ ಆಳುದ್ದದ ಕತ್ತಿ. ಹತ್ತರಿಂದ ಇಪ್ಪತ್ತಕ್ಕೆ ಹತ್ತಬೇಕಾದವರು ಆ ಕಣಿವೆಯ ಉಪ್ಪುಕಪ್ಪೆ ಕೊಂದೇ ಹತ್ತಬೇಕು, ಬೇರೆ ದಾರಿಯಿಲ್ಲ. ತಾಕ್ ದಾರಿ ಮುಚ್ಚಿದ. ನಲವತ್ತರ ಕೆಳಗಿನವರು ಯಾರು ಬಂದರೂ ಕಡಿದ. ಭಾನುವಾರಗಳಂದು ಕೋಟೆಯಿಂದ ಇಳಿದು ಬಾವಿಕಟ್ಟೆಗೆ ಬಂದು, ಸತ್ತವರು ಕಣ್ಣು ಬಿಡುತ್ತಿದ್ದ ಹಾಗೇ ಮತ್ತೆ ಕಡಿಯುವುದು ಅವನ ವಿನೋದ.

"ಅಕ್ಕಾ, ನನ್ನ ಇವತ್ತು ಹತ್ತೊಂಬತ್ತು ಸಲ ಕೊಂದ," ಅಂದ ಬಾಂಗ್ ದುಶಿಕ್. ಬೆಸುಗೆ ಕೆಲಸ ಮಾಡುತ್ತಿದ್ದ ಆಳು, ನಲವತ್ತೊಂದು ವಯಸ್ಸು, ಒಂಬತ್ತನೇ ಲೆವೆಲ್. "ಕೊಂದು ಮೇಲೆ ಉಚ್ಚೆ ಹುಯ್ಯೋ ಹಾಗೆ ಕುಣೀತಾನೆ. ಕಾರ್ಖಾನೇಲೂ ಹಿಂಗೇ ಆಯ್ತು, ಇಲ್ಲೂ ಹಿಂಗೇನಾ?"

"ನೀನು ಹತ್ತೊಂಬತ್ತು ಸಲ ಹೋಗಿ ಕತ್ತು ಕೊಟ್ಟೆಯಲ್ಲ, ನಿನ್ನ ತಲೇಲಿ ಏನಿದೆಯೋ, ಮೂಲಂಗೀನಾ?" ಅಂದಳು ಗಾಪ್‌ಸುನ್. ಆದರೆ ಅವನ ಮುಂದೆ ತಣ್ಣಗಾಗಿದ್ದ ರಾಮ್ಯೊನ್ ತೆಗೆದು ಬೇರೆ ಬಿಸಿಯದನ್ನು ಇಟ್ಟಳು.

ಮುಂದಿನ ಭಾನುವಾರ ಅವಳೇ ಮುಂದಾಳಾದಳು. ಕೋಟೆಯ ಕಾನೂನು ಹೀಗೆ: ಭಾನುವಾರ ಮಧ್ಯಾಹ್ನ ಮೂರು ಹೊಡೆಯುವಾಗ ಒಡೆಯ ತನ್ನ ಕಲ್ಲುಪೀಠದ ಮೇಲೆ ಇರಲೇಬೇಕು, ಇಲ್ಲದಿದ್ದರೆ ಕೋಟೆ ಕೈಬಿಡುತ್ತದೆ. ಅವನನ್ನು ಪೀಠದಿಂದ ಎಬ್ಬಿಸಬೇಕು. ಆಕೆ ಬೀದಿಯ ಬಲಿಷ್ಠರನ್ನೆಲ್ಲ ಕಲೆಹಾಕಿ, ಐವತ್ತು ನಲವತ್ತರ ಲೆವೆಲ್ಲಿನವರನ್ನು ಮುಂದಿನ ಸಾಲಿಗೆ ನಿಲ್ಲಿಸಿ, ದುಶಿಕ್‌ನಂಥವರನ್ನು ಹಿಂದಿಟ್ಟು ನುಗ್ಗಿದಳು. ಹನ್ನೊಂದು ನಿಮಿಷ. ತಾಕ್ ಮತ್ತು ಅವನ ಏಳು ಜನ ಮುಂದಿನ ಸಾಲನ್ನು ಸೌತೆಕಾಯಿ ಹೆಚ್ಚಿದ ಹಾಗೆ ಹೆಚ್ಚಿದರು. ಸತ್ತ ಬಲಿಷ್ಠರೆಲ್ಲ ರಾಜಧಾನಿಯಲ್ಲಿ ಎದ್ದು, ಅರ್ಧ ಗಂಟೆ ನಡೆದು ಬರುವಷ್ಟರಲ್ಲಿ ಮೂರು ಹೊಡೆದಿತ್ತು. ಗಾಪ್‌ಸುನ್‌ಳ ಕತ್ತೂ ಹಾರಿತು.

ಆದರೆ ರಾಜಧಾನಿಯಿಂದ ನಡೆದು ಬರುವಾಗ ಅವಳು ಪರದೆಯ ಮೂಲೆಯಲ್ಲಿ ಕಣಿವೆಯ ಗುಂಪಿನವರು ಬರೆದ ಮಾತು ಓದುತ್ತಿದ್ದಳು. ದುಶಿಕ್ ಬರೆದಿದ್ದ: 'ಅಕ್ಕಾ, ನಾನು ಆರು ಸಲ ಸತ್ತೆ, ಇನ್ನೂ ಇಲ್ಲೇ ಇದ್ದೀನಿ. ಕಣಿವೆ ಬಾಯಲ್ಲಿ ನಿಂತಿದ್ದೆ, ಅವರವನೊಬ್ಬ ಬಂದು ನನಗೆ ಡಿಕ್ಕಿ ಹೊಡೆದು ನಿಂತ. ಕೊಂದಮೇಲೇ ದಾಟಿದ್ದು.'

ಅವಳು ಓದಿದ್ದನ್ನೇ ಮತ್ತೆ ಓದಿದಳು. ಆ ಆಟದಲ್ಲಿ ನೆಲವೆಲ್ಲ ಚೌಕ ಚೌಕ. ಒಂದು ಚೌಕದಲ್ಲಿ ಒಬ್ಬರೇ. ಎಪ್ಪತ್ತನೇ ಲೆವೆಲ್ಲಿನವನಿಗೂ ಒಂದು ಚೌಕ, ಒಂಬತ್ತನೆಯವನಿಗೂ ಒಂದು ಚೌಕ. ಏಟಿಗೆ ಲೆವೆಲ್ ಬೇಕು, ಏಟು ತಡೆಯೋಕೆ ಬೇಕು, ಜಾಗ ಹಿಡಿಯೋಕೆ ಬೇಡ. ಥೂ, ಗೇಟಿನ ಮುಂದೆ ಕೂತು ಕಿವಿ ಕಳೆದುಕೊಂಡವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ತನಗೆ ತಾನೇ ಉಗಿದುಕೊಂಡಳು. ಮೀಸೆಯವರನ್ನು ಮುಂದೆ ನಿಲ್ಲಿಸುವುದು ಕಂಪನಿಯ ಬುದ್ಧಿ. ಹೆಣ್ಣುಮಕ್ಕಳು ಗೆದ್ದ ದಿನಗಳಲ್ಲೆಲ್ಲ ಗೆದ್ದದ್ದು ಕೂತು.

ಕೋಟೆಗೂ ಬಾವಿಕಟ್ಟೆಗೂ ನಡುವೆ ಇರುವುದು ಮೂರು ಚೌಕ ಅಗಲದ, ನಲವತ್ತು ಚೌಕ ಉದ್ದದ ಕಣಿವೆ. ನೂರಿಪ್ಪತ್ತು ಮೈ ಸಾಕು. ತಾಕ್ ಕೆಳಗಿಳಿದ ಮೇಲೆ ಮುಚ್ಚಿಬಿಡಬೇಕು. ಕೊಂದಷ್ಟೂ ಬಾವಿಕಟ್ಟೆಯಿಂದ ಎದ್ದು ಬಂದು ತುಂಬಬೇಕು. ಆದರೆ ತುಂಬುವವರೆಲ್ಲ ಹತ್ತು ಅಥವಾ ಕೆಳಗಿನವರೇ ಆಗಿರಬೇಕು.

"ಹಾಗಾದ್ರೆ ನೀವು ಹಿಂದೆ ನಿಂತು ಹೇಳ್ತಾ ಇರಿ ಅಕ್ಕಾ," ಅಂದ ದುಶಿಕ್. "ಅರವತ್ತೊಂದು ಕಟ್ಟಿದ್ದೀರ. ಸಾಯೋಕೆ ನಾವಿದ್ದೀವಿ."

"ಹಿಂದೆ ನಿಂತು ಕೂಗೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ ಕಣೋ. ನಮ್ಮ ಯೂನಿಯನ್ ಆಫೀಸಲ್ಲಿ ಹೀಟರ್ ಹಚ್ಕೊಂಡು ಕೂತಿರ್ತಿದ್ರು. ಪೈಪು ಬಿದ್ದಿದ್ದು ನಮ್ಮ ತಲೆ ಮೇಲೆ."

ಅಳಿಸಿ ಹೊಸದಾಗಿ ಶುರುಮಾಡುವ ಹಾಗೂ ಇರಲಿಲ್ಲ. ಒಬ್ಬರ ಗುರುತಿನ ಸಂಖ್ಯೆಗೆ ಒಂದೇ ಪಾತ್ರ. ಅಳಿಸಿದರೆ ತಿಂಗಳು ಕಾಯಬೇಕು. ಮೇಲಿಂದ ಕೆಳಗೆ ಬರಲು ಒಂದೇ ದಾರಿ, ಸಾಯುವುದು.

ಸೋಮವಾರ ಬೆಳಿಗ್ಗೆ ಅವಳು ಕೊಡಲಿ ಹೆಂಗಸಿನ ಮೈಮೇಲಿನ ಕವಚ ಕಳಚಿದಳು. ರಾಜಧಾನಿಯ ಗೋಡೆಗೆ ಅಂಟಿಕೊಂಡೇ ಇರುವ ಗುಹೆಯಲ್ಲಿ ಬಿಳಿ ಕರಡಿಯೊಂದಿದೆ. ಅದರ ಮುಂದೆ ಬರಿಗೈಯಲ್ಲಿ ನಿಂತಳು. ಕರಡಿ ಎದ್ದು ನಿಂತು ಹೊಟ್ಟೆ ಸೀಳಿತು. ಗುಡಿಯಲ್ಲಿ ಎದ್ದಳು, ನಡೆದಳು, ನಿಂತಳು. ಕರಡಿ ತಲೆಬುರುಡೆ ಕಚ್ಚಿತು. ಎದ್ದಳು, ನಡೆದಳು. ದಿನಕ್ಕೆ ಎಂಬತ್ತು ತೊಂಬತ್ತು ಸಾವು. ಪ್ರತಿ ಸಾವಿಗೂ ಆ ಹೆಂಗಸು ಒಂದೇ ಥರ ಕಿರುಚುತ್ತಿದ್ದಳು. ಗಾಪ್‌ಸುನ್ ಕಂಪ್ಯೂಟರಿನ ಧ್ವನಿ ತಗ್ಗಿಸಲಿಲ್ಲ. ಬುಧವಾರದ ಹೊತ್ತಿಗೆ ಮೊದಲು ನಗುತ್ತಿದ್ದವರು ನಗುವುದು ಬಿಟ್ಟರು. ನಲವತ್ತನ್ನು ದಾಟಿ ಇಳಿಯುವಾಗ ಬೆನ್ನಿನ ಕೊಡಲಿ ನೆಲಕ್ಕೆ ಬಿತ್ತು. ಆ ಲೆವೆಲ್ಲಿನ ಕೈಗೆ ಅದನ್ನು ಹೊರುವ ಶಕ್ತಿಯಿಲ್ಲ. ಅವಳು ಅದನ್ನು ಹೆಕ್ಕಲು ಮೂರು ಸಲ ಒತ್ತಿದಳು. ಆಮೇಲೆ ಕರಡಿಯ ಕಡೆ ತಿರುಗಿದಳು.

ಶುಕ್ರವಾರ ಗುಹೆಯಲ್ಲಿ ಅವಳ ಪಕ್ಕ ಇನ್ನೂ ಹನ್ನೊಂದು ಜನ ಬರಿಮೈಯಲ್ಲಿ ನಿಂತಿದ್ದರು. ಮೂವತ್ತು, ಇಪ್ಪತ್ತೈದು ಕಟ್ಟಿದ್ದ ಕಾರ್ಖಾನೆಯ ಗಂಡಸರು. ಕರಡಿಗೆ ಹಬ್ಬ.

ಭಾನುವಾರ ಅಂಗಡಿಯ ಮೂವತ್ತು ಕುರ್ಚಿಯೂ ತುಂಬಿತ್ತು. ಸುದ್ದಿ ಹರಡಿ ಬೇರೆ ಬೇರೆ ಊರಿನ ಅಂಗಡಿಗಳಿಂದಲೂ ನೂರಾರು ಜನ ಕಣಿವೆಗೆ ಸೇರಿದ್ದರು. ಯಾವಾಗಲೂ ಬಲಗಿವಿ ಬಾಗಿಲಿಗಿಟ್ಟು ಗಲ್ಲಾದಲ್ಲಿ ಕೂರುತ್ತಿದ್ದ ಗಾಪ್‌ಸುನ್, ಕೆಳಗಿನ ಒಣಮೀನಿನವನೂ ಆಡುತ್ತೇನೆಂದು ಬಂದಾಗ ಆ ಜಾಗ ಅವನಿಗೆ ಬಿಟ್ಟು, ಒಳಗಿನ ಸಾಲಿನಲ್ಲಿ ದುಶಿಕ್‌ನ ಬಲಕ್ಕೆ ಕೂತಳು. ಎಡಗಿವಿ ಬಾಗಿಲ ಕಡೆಗೆ.

ಎರಡೂಕಾಲು ಗಂಟೆಗೆ ತಾಕ್ ಇಳಿದ. ದಾರಿಯ ಅಂಚಿಗೆ ಕೂತಿದ್ದವರನ್ನು ಮೋಜಿಗೆ ಕಡಿಯುತ್ತಾ ಬಾವಿಕಟ್ಟೆ ತಲುಪಿದ. ಅವನು ಹಿಂತಿರುಗಿ ನೋಡುವಷ್ಟರಲ್ಲಿ ಕಣಿವೆ ಇರಲಿಲ್ಲ. ಇದ್ದದ್ದು ಜನ.

'ಹುಳಗಳಾ, ಸರೀರಿ' ಎಂದು ಬರೆದ.

ಯಾರೂ ಸರಿಯಲಿಲ್ಲ. ಅವನು ಬೀಸಿದ. ಮೂವರು ಬಿದ್ದರು. ಹೆಜ್ಜೆ ಇಡುವ ಮೊದಲೇ ಅವನ ಅಕ್ಕಪಕ್ಕದ ಚೌಕಗಳಲ್ಲಿ ನುಸುಳಿ ಮೂವರು ಬಂದು ಮುಂದೆ ನಿಂತರು. ಬೀಸಿದ. ಬಿದ್ದರು. ಬಂದರು. ಮೇಲಿನಿಂದ ಅವನ ಏಳು ಜನ ಇನ್ನೊಂದು ತುದಿ ಕಡಿಯತೊಡಗಿದರು. ಪರದೆಯೆಲ್ಲ ಕೆಂಪು. ತುಂಡಾದ ಕೈ, ತುಂಡಾದ ಕತ್ತು, ಅದರ ಮೇಲೆ ಬೂಟಿಲ್ಲದ ಹೊಸ ಪಾದಗಳು. ಗಾಪ್‌ಸುನ್ ಇಪ್ಪತ್ತು ನಿಮಿಷದಲ್ಲಿ ಮೂವತ್ತು ಸಲ ಸತ್ತಳು. ತಾಕ್ ನಲವತ್ತು ಚೌಕಗಳಲ್ಲಿ ಹದಿನಾಲ್ಕನ್ನು ದಾಟಿದ್ದ.

ಒಂದು ಕೈಯಲ್ಲಿ ಕಡಿಯುತ್ತಲೇ ಇನ್ನೊಂದರಲ್ಲಿ ಅವನು ಫೋನ್ ಎತ್ತಿಕೊಂಡಿರಬೇಕು. ಮೂರಕ್ಕೆ ಹತ್ತು ನಿಮಿಷ ಇರುವಾಗ ಬೀದಿಗೆ ವ್ಯಾನೊಂದು ಬಂತು. ನಾಲ್ಕು ಜನ, ಬೇಸ್‌ಬಾಲ್ ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿದರು. ಅವಳಿಗೆ ಕೇಳಿಸಲಿಲ್ಲ. ಮೊದಲ ಏಟು ಎಡ ಭುಜಕ್ಕೆ ಬಿದ್ದಾಗಲೇ ಗೊತ್ತಾದದ್ದು.

"ಯಾರೇ ಗಾಪ್‌ಸುನ್ ಅಂದ್ರೆ? ನೀನೇನಾ ಮುದುಕಿ?"

ಮೂವತ್ತು ಕುರ್ಚಿಗಳೂ ಕಿರುಗುಟ್ಟಿದವು. ದುಶಿಕ್ ಎದ್ದೇಬಿಟ್ಟಿದ್ದ, ಕೈಯಲ್ಲಿ ಸ್ಟೂಲು.

"ಕೂತ್ಕೊಳ್ಳೋ!" ಎಂದು ಕಿರುಚಿದಳು. "ಯಾರೂ ಏಳಬೇಡಿ! ನೀವು ಎದ್ರೆ ಅಲ್ಲಿ ಖಾಲಿ ಬೀಳತ್ತೆ! ಕೂತ್ಕೊಳ್ರೋ ಸೂಳೇಮಕ್ಕಳಾ!"

ಎರಡನೇ ಏಟಿಗೆ ದವಡೆ ಮುರಿಯಿತು. ಕೂದಲು ಹಿಡಿದು ನೆಲಕ್ಕೆ ಎಳೆದರು, ಪಕ್ಕೆಗೆ ಒದ್ದರು, ಗಲ್ಲಾದ ಪರದೆ ಒಡೆದರು. ಒಣಮೀನಿನವನು ತಲೆ ಮುಚ್ಚಿಕೊಂಡು ಕೆಳಗೋಡಿ ಪೊಲೀಸರಿಗೆ ಫೋನ್ ಮಾಡಿದ. ಉಳಿದವರು ಅಳುತ್ತಾ ಒತ್ತಿದರು. ದುಶಿಕ್ ಒತ್ತಿದ. ಅವನ ಬೆನ್ನಿಗೂ ಎರಡು ಬಿತ್ತು. ಅವನು ಮೌಸ್ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಉಚ್ಚೆ ಹುಯ್ದುಕೊಂಡರು, ಆದರೂ ಒತ್ತಿದರು.

ಗಾಪ್‌ಸುನ್ ನೆಲದಿಂದ ತನ್ನ ಪರದೆಯನ್ನು ಕಂಡಳು. ಬಾಯಲ್ಲಿ ರಕ್ತ ಮತ್ತು ಹಲ್ಲು. ಅವಳ ಹತ್ತನೇ ಲೆವೆಲ್ಲಿನ ಹೆಂಗಸು, ಯಾರೂ ನಡೆಸುವವರಿಲ್ಲದೆ, ಕಣಿವೆಯ ಮೂವತ್ತನೇ ಸಾಲಿನಲ್ಲಿ ಸುಮ್ಮನೆ ನಿಂತಿದ್ದಳು. ನಿಲ್ಲುವುದಕ್ಕೆ ಕೈಯೂ ಬೇಕಿರಲಿಲ್ಲ. ತಾಕ್ ಆಗ ಇಪ್ಪತ್ತೊಂದನೆಯ ಸಾಲಿನಲ್ಲಿದ್ದ. ಬೀಸುತ್ತಲೇ ಇದ್ದ.

ಮೂರು ಹೊಡೆಯಿತು. ಪರದೆಯ ತಲೆಯ ಮೇಲೆ ಒಂದು ಸಾಲು ಓಡಿತು: ಉಪ್ಪುಕೋಟೆಗೆ ಒಡೆಯನಿಲ್ಲ.

ಆಗ ಎದ್ದರು ಗಂಡಸರು. ಇಪ್ಪತ್ತೆಂಟು ಜನ. ಆ ನಾಲ್ವರು ಮೆಟ್ಟಿಲನ್ನು ಕಾಲಿನಲ್ಲಿ ಇಳಿಯಲಿಲ್ಲ, ಉರುಳಿದರು. ಬೆಸುಗೆ ಕೆಲಸದ ಕೈ ಏನೆಂದು ದುಶಿಕ್ ಒಬ್ಬನ ಮೊಣಕೈಗೆ ತಿಳಿಸಿದ.

ಪೊಲೀಸರು ಬಂದು, ರಕ್ತ ನೋಡಿ, ಕೇಳಿದರು: "ಇಷ್ಟೆಲ್ಲ ಒಂದು ಆಟಕ್ಕಾ?" ದವಡೆ ಮುರಿದವಳು ಬಾಯಲ್ಲಿದ್ದ ಹಲ್ಲನ್ನು ಅವರ ಮುಂದೆ ಉಗಿದಳು.

ಆ ನಾಲ್ವರು ತಾಕ್ ಹೆಸರು ಬಾಯಿಬಿಟ್ಟರು, ಅವನು ಕಣಿವೆಯ ಕಡೆ ಮತ್ತೆ ಬರಲಿಲ್ಲ. ತಂತಿ ಕಟ್ಟಿದ ದವಡೆಯಲ್ಲಿ ಅವಳು ಎರಡು ತಿಂಗಳು ಗಂಜಿ ಹೀರಿದಳು, ಕಣಿವೆಯಲ್ಲಿ ಕಪ್ಪೆ ಕೊಂದಳು. ಎಲ್ಲರೂ ಕೊಂದರು, ಎಲ್ಲರೂ ಹತ್ತಿದರು. ದುಶಿಕ್ ಎಲ್ಲರಿಗಿಂತ ಜೋರಾಗಿ ಹತ್ತಿದ. ಶರತ್ಕಾಲದ ಹೊತ್ತಿಗೆ ಅವನದು ಐವತ್ತೆರಡನೇ ಲೆವೆಲ್. ಯಾರಾದರೊಬ್ಬರು ಕೋಟೆ ನೋಡಿಕೊಳ್ಳಬೇಕಲ್ಲ ಎಂದು ಪೀಠದ ಮೇಲೆ ಅವನೇ ಕೂತ. ಒಂದು ದಿನ ಕಣಿವೆಯ ಬಾಯಲ್ಲಿ ಹಲಗೆ ಬಿತ್ತು: ಇಪ್ಪತ್ತರ ಕೆಳಗಿನವರು ಬೆಳಿಗ್ಗೆ ಮಾತ್ರ.

"ಗಲಾಟೆ ಜಾಸ್ತಿಯಾಗಿತ್ತು ಅಕ್ಕಾ," ಅಂದ ಅವನು, ಕಣ್ಣು ಪರದೆಯಿಂದ ತೆಗೆಯದೆ. "ಸ್ವಲ್ಪ ದಿನ ಅಷ್ಟೇ. ನಿಮಗೇನೂ ತೊಂದ್ರೆ ಇಲ್ಲ, ನೀವು ಯಾವಾಗ ಬೇಕಾದ್ರೂ ಬನ್ನಿ."

ಗಾಪ್‌ಸುನ್ ಅವನ ರಾಮ್ಯೊನ್ ಬಟ್ಟಲನ್ನು ಎತ್ತಿ ಅವನ ತಲೆಯ ಮೇಲೆ ಸುರಿದಳು. ಆಮೇಲೆ ತನ್ನ ಕುರ್ಚಿಗೆ ಹೋಗಿ ಕೂತಳು. ಅವಳದು ಆಗ ಹತ್ತೊಂಬತ್ತನೇ ಲೆವೆಲ್. ಹತ್ತಕ್ಕೆ ಇಳಿಯಲು ತೊಂಬತ್ತು ಸಾವು, ಒಂದು ದಿನದ ಕೆಲಸ. ಹೆಂಗಸಿನ ಮೈಯಿಂದ ಕವಚ ಕಳಚಿ ಕರಡಿಯ ಗುಹೆಯ ಕಡೆ ನಡೆಸಿದಳು.

ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಅಕ್ಕಾ, ನಾವೂ ಬರ್ಬೇಕಾ?"

"ಬೂಟು ಬಿಚ್ಚಿಟ್ಟು ಬನ್ನಿ," ಅಂದಳು ಅವಳು. "ಕರಡಿ ಬೂಟಿನ ಚರ್ಮ ತಿನ್ನಲ್ಲ."