ಹೊಗಳಲು ಬಾರದ ವಿಮರ್ಶಕ

ವಿಡಿಯೋ ಗೇಮ್ ಅಂಗಡಿಯವನ ಪಾಲಿಗೆ ಪತ್ರಿಕೆಯ ಈ ವಿಮರ್ಶಕ ಒಂದು ಗ್ರಹಚಾರ. ಹೊಗಳುವುದರಲ್ಲಿ ಕಡುಜಿಪುಣ, ಎಂಥ ದೆವ್ವದ ಆಟ ಕೊಟ್ಟರೂ ಆಕಳಿಸುತ್ತಲೇ ಆಡಿ, ಇದಕ್ಕಿಂತ ನಮ್ಮ ಮನೆ ಓನರೇ ಚೆನ್ನಾಗಿ ಹೆದರಿಸುತ್ತಾರೆ ಎಂದು ಬರೆದು ವ್ಯಾಪಾರಕ್ಕೆ ಕಲ್ಲು ಹಾಕುತ್ತಾನೆ. ಬರೀ ಸದ್ದು ಕೇಳಿಯೇ ಆಡುವ, ಕಣ್ಣಿಲ್ಲದ ನಾಯಕಿಯ ಹೊಸ ದೆವ್ವದ ಆಟಕ್ಕೂ ಅದೇ ಗತಿಯೆಂದು ಅಂಗಡಿಯವನು ಆಸೆ ಬಿಟ್ಟಿದ್ದ. "ಇದಕ್ಕೆಷ್ಟು ಉಗಿದ್ರಿ ಸ್ವಾಮಿ?" ಎಂದ. "ನಾನ್ ಆಡ್ಲೇ ಇಲ್ಲ ಕಣಯ್ಯ, ನಮ್ಮನೆಯವಳಿಗೆ ಹೆಡ್‌ಫೋನ್ ಕೊಟ್ಟೆ." ಆಕೆಗೂ ಕಣ್ಣು ಕಾಣದು. ದೆವ್ವ ಕಿರುಚಿದಾಗ ನಕ್ಕಳಂತೆ. ಯಾರೋ ಸರಿಸಿಟ್ಟ ಕುರ್ಚಿಗೆ ನಾಯಕಿ ಎಡವಿದಾಗ ಮಾತ್ರ ಗಂಡನ ಕೈ ಗಟ್ಟಿಯಾಗಿ ಹಿಡಿದಳಂತೆ. "ಇಷ್ಟು ವರ್ಷ ನಾನ್ ಆಡ್ತಿದ್ದೆ, ಅವಳು ಪಕ್ಕದಲ್ಲಿ ಸುಮ್ನೆ ಕೂತಿರೋಳು," ಎಂದು ವಿಮರ್ಶಕ ದನಿ ತಗ್ಗಿಸಿದ. ಆ ವಾರದ ವಿಮರ್ಶೆ ಇಂಥ ಆಟ ಮಾಡಿದವರಿಗೆ ಕೃತಜ್ಞತೆ ಹೇಳಿ ಮುಗಿದಿತ್ತು. ಕೆಳಗೆ ಬರೆದವರೆಂದು ಮೊದಲು ಹೆಂಡತಿಯ ಹೆಸರು, ಆಮೇಲೆ ಅವನದು.